ಸ್ಟೀರಾಯ್ಡ್ ಮಾತ್ರೆ ಮನೆಗೆ ಬಂದಾಗ: ಮುಂದುವರಿದ ಕ್ಯಾನ್ಸರ್ ಇರುವವರನ್ನು ನೋಡಿಕೊಳ್ಳುವವರಿಗೆ

ಹೋದ ಮಳೆಗಾಲದಲ್ಲಿ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೂ ಹರಡಿತ್ತು. ತಡೆಯಲಾಗದ ತಲೆನೋವು, ಬೆಳಗಾಗುತ್ತಲೇ ವಾಂತಿ. ಆಸ್ಪತ್ರೆಯಿಂದ ಕಳುಹಿಸುವಾಗ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ 4 ಮಿ.ಗ್ರಾಂ, ದಿನಕ್ಕೆ ಎರಡು ಸಲ ಎಂದು ಬರೆದುಕೊಟ್ಟಿದ್ದರು. ಐದು ದಿನ ಕಳೆದರೂ ತಲೆನೋವು ಕದಲಿರಲಿಲ್ಲ. "ಈ ಮಾತ್ರೆ ಕೆಲಸ ಮಾಡುತ್ತಿಲ್ಲ ಸಿಸ್ಟರ್" ಎಂದು ಸೊಸೆ ಸ್ಟ್ರಿಪ್ಪನ್ನು ನನ್ನ ಕೈಗಿಟ್ಟರು. ಬೆಳಕಿಗೆ ಹಿಡಿದು ಹಿಂಬದಿ ಓದಿದರೆ 0.5 ಮಿ.ಗ್ರಾಂ. ಅಂಗಡಿಯವರು ತಮ್ಮಲ್ಲಿದ್ದದ್ದನ್ನು ಕೊಟ್ಟಿದ್ದರು. ಮನೆಯವರು ಚೀಟಿಯಲ್ಲಿದ್ದಂತೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕೊಟ್ಟಿದ್ದರು. ಬೇಕಾದದ್ದರ ಎಂಟರಲ್ಲಿ ಒಂದು ಪಾಲು ಮಾತ್ರ ಆ ಜೀವಕ್ಕೆ ಸಿಕ್ಕಿತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಪ್ರಮಾಣ ಸರಿಪಡಿಸಿದೆವು. ಮೂರನೆಯ ದಿನ ಅವರು ಜಗಲಿಗೆ ಬಂದು ಕುಳಿತು ಕಾಫಿ ಕೇಳಿದರು ಎಂದು ಸೊಸೆಯೇ ಹೇಳಿದರು.

ನಾನು ಮನೆಮನೆಗೆ ಹೋಗಿ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಕೊಡುವ ತಂಡದಲ್ಲಿ ನರ್ಸ್. ಕ್ಯಾನ್ಸರ್ ವಾಸಿಯಾಗುವ ಹಂತ ದಾಟಿದ ಮೇಲೆ ನೋವು, ವಾಂತಿ, ಉಸಿರಾಟದ ಕಷ್ಟ ಇವುಗಳನ್ನು ತಗ್ಗಿಸಿ, ಇರುವ ದಿನಗಳನ್ನು ಆದಷ್ಟು ಹಗುರ ಮಾಡುವುದು ನಮ್ಮ ಕೆಲಸ. ಆ ಹಂತದಲ್ಲಿ ನೋವು ತಗ್ಗಿಸುವ ಮಾರ್ಫಿನ್ ಬಿಟ್ಟರೆ ಅತಿ ಹೆಚ್ಚು ಬಳಕೆಯಾಗುವ ಔಷಧಗಳಲ್ಲಿ ಸ್ಟೀರಾಯ್ಡ್ ಒಂದು. ಇದು ಅಗ್ಗ, ಎಲ್ಲೆಡೆ ಸಿಗುತ್ತದೆ, ಬೇಗ ಕೆಲಸ ಮಾಡುತ್ತದೆ. ಆ ಕಾರಣಕ್ಕೇ ಎಷ್ಟೋ ಮನೆಗಳಲ್ಲಿ ಏಕೆ ಶುರುವಾಯಿತು, ಎಂದಿಗೆ ನಿಲ್ಲಬೇಕು ಎನ್ನುವುದು ಯಾರಿಗೂ ನೆನಪಿಲ್ಲದೆ ತಿಂಗಳುಗಟ್ಟಲೆ ಮುಂದುವರಿದಿರುತ್ತದೆ. ಪ್ರಮಾಣ ತೀರ್ಮಾನಿಸುವುದು ವೈದ್ಯರ ಕೆಲಸ. ಕೆಳಗಿರುವ ಅಂಕಿಗಳು ಚೀಟಿಯಲ್ಲಿ ಬರೆದದ್ದು ನಿಮಗೆ ಅರ್ಥವಾಗಲಿ ಎಂದು ಕೊಟ್ಟವು. ನೀವೇ ಕೂಡಿಸಿ ಕಳೆಯಲು ಹೊರಡಬೇಡಿ.

ಭಯ ಮೊದಲು ಬಗೆಹರಿಯಲಿ

"ಸ್ಟೀರಾಯ್ಡ್ ಅಂದರೆ ಬೇಡವೇ ಬೇಡ" ಎನ್ನುವವರು 2021ರ ನಂತರ ಹೆಚ್ಚಾಗಿದ್ದಾರೆ. ಕೊರೋನಾದ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರದ ಸುದ್ದಿ ಕೇಳಿದವರು ಆ ಹೆಸರನ್ನು ಮರೆತಿಲ್ಲ. ಅಂದು ಹಿಡಿತವಿಲ್ಲದ ಸಕ್ಕರೆ ಕಾಯಿಲೆಯ ಜೊತೆಗೆ ಅಗತ್ಯಕ್ಕಿಂತ ಹೆಚ್ಚು ಸ್ಟೀರಾಯ್ಡ್ ಸೇರಿದಾಗ ಅನಾಹುತವಾದದ್ದು ನಿಜ. ಅದೇ ಡೆಕ್ಸಾಮೆಥಾಸೋನ್ ಅಂದು ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸಿದ್ದೂ ಅಷ್ಟೇ ನಿಜ.

ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ನಾವು ಮಾತನಾಡುತ್ತಿರುವ ಔಷಧಗಳು ಆ ಹಾರ್ಮೋನಿನ ಬಂಧುಗಳು. ಜಿಮ್‌ಗಳಲ್ಲಿ ಮೈಕಟ್ಟಿಗಾಗಿ ಕದ್ದು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್ ಬೇರೆಯೇ ಜಾತಿಯದು. 1948ರಲ್ಲಿ ಅಮೆರಿಕದಲ್ಲಿ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಅವರು ಕೆಲವೇ ದಿನಗಳಲ್ಲಿ ಎದ್ದು ನಡೆದರು; ಎರಡು ವರ್ಷಕ್ಕೇ ಅದರ ಹಿಂದಿದ್ದ ವಿಜ್ಞಾನಿಗಳಿಗೆ ನೊಬೆಲ್ ಬಂತು. ಅಡ್ಡಪರಿಣಾಮಗಳ ಪಟ್ಟಿ ಬೆಳೆದದ್ದು ಆಮೇಲೆ.

ಕ್ಯಾನ್ಸರ್ ಗಡ್ಡೆಯ ಸುತ್ತ ಊತ ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ ಗಡ್ಡೆಗಿಂತ ಈ ಊತದ ಒತ್ತಡವೇ ಹೆಚ್ಚು ಹಿಂಸೆ ಕೊಡುತ್ತದೆ. ಸ್ಟೀರಾಯ್ಡ್ ಆ ಊತವನ್ನು ಇಳಿಸುತ್ತದೆ. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಅದು ಚಿಕಿತ್ಸೆಯ ಭಾಗವೇ ಹೌದು. ಉಳಿದ ಕಡೆ ಗಡ್ಡೆಯನ್ನು ಅದು ಮುಟ್ಟುವುದಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 1: ಯಾವುದಕ್ಕೆ ಎಂದು ಕೇಳಿ, ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಬರೆಯಿರಿ: ಔಷಧದ ಹೆಸರು, ಎಷ್ಟು ಮಿ.ಗ್ರಾಂ, ಯಾವ ತೊಂದರೆಗೆ, ಶುರುವಾದ ತಾರೀಖು. "ಕ್ಯಾನ್ಸರ್‌ಗೆ" ಎಂದು ಬರೆದರೆ ಪ್ರಯೋಜನವಿಲ್ಲ. ತಲೆನೋವಿಗೋ, ವಾಂತಿಗೋ, ಹಸಿವಿಗೋ ಎಂಬುದು ಬೇಕು. ಆ ತೊಂದರೆ ಇಳಿಯಿತೇ ಇಲ್ಲವೇ ಎಂದು ಮುಂದೆ ಅಳೆಯುವುದು ಇದರಿಂದಲೇ.

ಸಾಮಾನ್ಯವಾಗಿ ಕೊಡುವ ಕಾರಣಗಳು ಹೀಗಿರುತ್ತವೆ. ಹಸಿವಿಲ್ಲದಿರುವುದು ಮತ್ತು ವಿಪರೀತ ಸುಸ್ತಿಗೆ ಡೆಕ್ಸಾಮೆಥಾಸೋನ್ ದಿನಕ್ಕೆ 2ರಿಂದ 4 ಮಿ.ಗ್ರಾಂ, ಸುಸ್ತಿಗೆ ಕೆಲವೊಮ್ಮೆ ಇನ್ನೂ ಹೆಚ್ಚು. ಬೇರೆ ಔಷಧಕ್ಕೆ ಬಗ್ಗದ ವಾಕರಿಕೆಗೆ, ಲಿವರ್ ಊದಿ ಬಲ ಪಕ್ಕೆಲುಬಿನ ಕೆಳಗೆ ಬರುವ ನೋವಿಗೆ 4ರಿಂದ 8. ನರ ಒತ್ತಿ ಬರುವ ನೋವಿಗೆ 8ರ ಆಸುಪಾಸು. ಮೆದುಳಿನ ಊತಕ್ಕೆ 8ರಿಂದ 16, ರೋಗಲಕ್ಷಣ ಎಷ್ಟು ತೀವ್ರ ಎನ್ನುವುದರ ಮೇಲೆ. ಕರುಳು ಕಟ್ಟಿ ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ಮೂಳೆಗೆ ವಿಕಿರಣ ಕೊಟ್ಟ ಮೊದಲ ದಿನಗಳಲ್ಲಿ ನೋವು ಕೆರಳುವುದುಂಟು. ಅದನ್ನು ತಡೆಯಲು ನಾಲ್ಕೈದು ದಿನದ ಮಟ್ಟಿಗೆ ಬರೆಯುವುದೂ ಇದೆ.

ಎಲ್ಲದಕ್ಕೂ ಇದು ಆಗಿಬರುವುದಿಲ್ಲ. ಉಸಿರಾಟದ ಕಷ್ಟಕ್ಕೆ ಸ್ಟೀರಾಯ್ಡ್ ಕೊಡುವ ರೂಢಿ ಬಹಳ ಕಾಲದಿಂದ ಇತ್ತು. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ರೋಗಿಗಳ ಉಸಿರಾಟದ ಕಷ್ಟಕ್ಕೆ ಡೆಕ್ಸಾಮೆಥಾಸೋನ್ ಕೊಟ್ಟವರಿಗೂ ಹುಸಿ ಮಾತ್ರೆ ಕೊಟ್ಟವರಿಗೂ ಉಪಶಮನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಾಗಿತ್ತು. ಶ್ವಾಸನಾಳದ ಮೇಲೆ ಗಡ್ಡೆ ಒತ್ತುತ್ತಿದ್ದರೆ ಅಥವಾ ಹಳೆಯ ಉಬ್ಬಸ ಇದ್ದರೆ ಮಾತು ಬೇರೆ. ನೋವಿನ ವಿಷಯವೂ ಹಾಗೆಯೇ. 2014ರ ನಾರ್ವೆಯ ಅಧ್ಯಯನದಲ್ಲಿ ಮಾರ್ಫಿನ್ ಬಗೆಯ ಔಷಧ ತೆಗೆದುಕೊಳ್ಳುತ್ತಿದ್ದವರಿಗೆ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡನ್ನು ದಿನಕ್ಕೆ 32 ಮಿ.ಗ್ರಾಂನಂತೆ ಒಂದು ವಾರ ಕೊಟ್ಟಾಗ ನೋವು ಹೆಚ್ಚೇನೂ ತಗ್ಗಲಿಲ್ಲ, ಆದರೆ ಹಸಿವು ಮತ್ತು ಸುಸ್ತು ಸುಧಾರಿಸಿದವು. ಹಾಗಾಗಿ "ಮಾರ್ಫಿನ್ ಬೇಡ, ಸ್ಟೀರಾಯ್ಡ್ ಸಾಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನು ಕಾಯಬಾರದ ಸಂದರ್ಭ. ಹೊಸದಾಗಿ ಬೆನ್ನುನೋವು ಬಂದು, ಮಲಗಿದಾಗ, ಕೆಮ್ಮಿದಾಗ, ತಿಣುಕಿದಾಗ ಜಾಸ್ತಿಯಾಗುತ್ತಿದ್ದರೆ, ಎದೆಯ ಸುತ್ತ ಪಟ್ಟಿ ಬಿಗಿದಂತೆ ಅನ್ನಿಸಿದರೆ, ಕಾಲು ಸೋತು ಚಪ್ಪಲಿ ಜಾರಿದ್ದು ತಿಳಿಯದಿದ್ದರೆ, ಮೂತ್ರ ಕಟ್ಟಿದರೆ, ಅದು ಕ್ಯಾನ್ಸರ್ ಬೆನ್ನುಹುರಿಯನ್ನು ಒತ್ತುತ್ತಿರುವ ಸೂಚನೆಯಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಆಟೋದಲ್ಲಿ ಕೂರಿಸಿಕೊಂಡು ಕುಲುಕಿಸಿ ಹೋಗದೆ, 108ಕ್ಕೆ ಕರೆ ಮಾಡಿ ಅಂಗಾತ ಮಲಗಿಸಿಕೊಂಡು. ಅಲ್ಲಿ ಸಾಮಾನ್ಯವಾಗಿ 16 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಶುರುಮಾಡಿ ಎಂಆರ್‌ಐ, ವಿಕಿರಣ ಅಥವಾ ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆ ಹೋಗುತ್ತಾರೆ. ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರು ನಡೆಯುತ್ತಲೇ ಇರುತ್ತಾರೆ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಮರಳಿ ಬರುವುದು ಅಪರೂಪ. "ಎಣ್ಣೆ ಹಚ್ಚಿ ನೋಡೋಣ, ಸೋಮವಾರ ಹೋಗೋಣ" ಎಂದ ಮನೆಗಳನ್ನು ನಾನು ಕಂಡಿದ್ದೇನೆ. ಸೋಮವಾರದ ಹೊತ್ತಿಗೆ ಆ ಕಾಲುಗಳಲ್ಲಿ ಜೀವ ಇರಲಿಲ್ಲ.

ಮುಖ ಮತ್ತು ಕುತ್ತಿಗೆ ಊದಿ, ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣುತ್ತಾ, ಬಗ್ಗಿದರೆ ತಲೆ ಸಿಡಿಯುವಂತಾದರೂ ಹೀಗೆಯೇ ತುರ್ತು.

ಹೆಜ್ಜೆ 2: ಶುರುವಾದ ದಿನವೇ ಮರುಪರಿಶೀಲನೆಯ ದಿನವನ್ನೂ ಕೇಳಿ

ನೋಟ್‌ಬುಕ್ಕಿನ ಅದೇ ಪುಟದಲ್ಲಿ ಇನ್ನೊಂದು ತಾರೀಖು ಬೇಕು. ಸ್ಟೀರಾಯ್ಡನ್ನು ಪರೀಕ್ಷಾರ್ಥವಾಗಿ ಐದರಿಂದ ಏಳು ದಿನ ಕೊಟ್ಟು ನೋಡುವುದು ಒಳ್ಳೆಯ ಪದ್ಧತಿ. ಅಷ್ಟರಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ. ಗುಣ ಕಂಡರೆ ಅದನ್ನು ಉಳಿಸುವ ಅತಿ ಕಡಿಮೆ ಪ್ರಮಾಣಕ್ಕೆ ಇಳಿಸುತ್ತಾರೆ. ಚೀಟಿಯಲ್ಲಿ ಇದು ಬರೆದಿಲ್ಲವಾದರೆ ಸಂಕೋಚಪಡದೆ ಕೇಳಿ: "ಸರ್, ಇದು ಎಷ್ಟು ದಿನ? ಯಾವಾಗ ಮತ್ತೆ ತೋರಿಸಬೇಕು?" ಹೊರರೋಗಿ ವಿಭಾಗದ ಗದ್ದಲದಲ್ಲಿ ಈ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಕೇಳಿ. ಆಸ್ಪತ್ರೆಯಲ್ಲಿ ಬರೆದವರೊಬ್ಬರು, ಊರಿನಲ್ಲಿ ನೋಡುವವರು ಇನ್ನೊಬ್ಬರು ಆದಾಗ "ಅವರು ಬರೆದದ್ದನ್ನು ನಾನೇಕೆ ನಿಲ್ಲಿಸಲಿ" ಎಂದು ಇವರು ಸುಮ್ಮನಿರುತ್ತಾರೆ, ಮಾತ್ರೆ ಮಾತ್ರ ಸಾಗುತ್ತಿರುತ್ತದೆ.

ಹೆಜ್ಜೆ 3: ಮೊದಲ ಮಾತ್ರೆಗೆ ಮುಂಚೆ ಇವನ್ನು ಹೇಳಿಬಿಡಿ

ಸಕ್ಕರೆ ಕಾಯಿಲೆ ಇದೆಯೇ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಕೇಳದೆ ಬಿಟ್ಟುಹೋಗುವ ವಿಷಯಗಳು ಬೇರೆ. ಹಿಂದೆ ಎಂದಾದರೂ ಕ್ಷಯ ಬಂದಿತ್ತೇ, ಅಥವಾ ಮನೆಯಲ್ಲಿ ಯಾರಿಗಾದರೂ ಇದೆಯೇ? ಒಳಗೆ ಮಲಗಿದ್ದ ಕ್ಷಯವನ್ನು ಸ್ಟೀರಾಯ್ಡ್ ಎಬ್ಬಿಸಬಲ್ಲದು. ಹೊಟ್ಟೆಯ ಹುಣ್ಣು, ಕಪ್ಪು ಮಲ ಹೋದ ಇತಿಹಾಸ ಇದೆಯೇ? ಹಿಂದೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದಾರೆಯೇ? ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದಾರೆಯೇ? ಈ ಎರಡೂ, ಕ್ಷಯದ ರಿಫಾಂಪಿಸಿನ್ ಕೂಡ, ಡೆಕ್ಸಾಮೆಥಾಸೋನನ್ನು ಬೇಗ ಕರಗಿಸಿ ಅದರ ಬಲ ಕುಗ್ಗಿಸುತ್ತವೆ. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ, ನಡೆಯುತ್ತಿದ್ದರೆ ಅದನ್ನು ಕೊಡುತ್ತಿರುವ ವೈದ್ಯರನ್ನು ಕೇಳದೆ ಶುರುಮಾಡುವುದು ಬೇಡ.

ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಸ್ಟೀರಾಯ್ಡ್ ಜೊತೆ ಸೇರಿಸಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಒಸರುವ ಅಪಾಯ ಬಹಳ ಹೆಚ್ಚುತ್ತದೆ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳ ಬಗ್ಗೆ ಬಾಯಿಬಿಟ್ಟು ಹೇಳಿ. ಎರಡೂ ಬೇಕೇ ಬೇಕಾದರೆ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಜೊತೆಗೆ ಬರೆಯುತ್ತಾರೆ. ಅದನ್ನು ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಕೊಡಬೇಕು.

ಇನ್ನೊಂದು ಗುಟ್ಟಿನ ವಿಷಯ: ಊರ ಹೊರಗಿನ ಯಾರಿಂದಲೋ ತಂದ ಪುಡಿ, ಉಂಡೆ. ಕೆಲವರು ಅದರಲ್ಲಿ ಸ್ಟೀರಾಯ್ಡನ್ನು ಬೆರೆಸಿಯೇ ಕೊಡುತ್ತಾರೆ. "ಅವರ ಪುಡಿ ತಿಂದ ಎರಡೇ ದಿನಕ್ಕೆ ಎದ್ದು ಕೂತರು" ಎಂದು ಯಾರಾದರೂ ಬೆರಗಿನಿಂದ ಹೇಳಿದರೆ ನನಗೆ ಮೊದಲು ಬರುವ ಅನುಮಾನವೇ ಅದು. ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಹೆಜ್ಜೆ 4: ಸ್ಟ್ರಿಪ್ ಓದಿ, ಗಡಿಯಾರ ನೋಡಿ

ಡೆಕ್ಸಾಮೆಥಾಸೋನ್ 0.5 ಮಿ.ಗ್ರಾಂ ಮಾತ್ರೆ ಎಲ್ಲ ಔಷಧ ಅಂಗಡಿಗಳಲ್ಲೂ ಇರುತ್ತದೆ. 2, 4, 8 ಮಿ.ಗ್ರಾಂ ಮಾತ್ರೆಗಳೂ ಬರುತ್ತವೆ, ಸಣ್ಣ ಊರುಗಳಲ್ಲಿ ಕೇಳಿ ತರಿಸಬೇಕಾಗಬಹುದು. ಚೀಟಿಯಲ್ಲಿ 4 ಇದ್ದು ಕೈಯಲ್ಲಿ 0.5 ಇದ್ದರೆ ಎಂಟು ಮಾತ್ರೆ ಬೇಕು. ಇದನ್ನು ಅಂಗಡಿಯ ಮುಂದೆಯೇ ನಿಂತು ಲೆಕ್ಕಹಾಕಿ, ವೈದ್ಯರಿಗೋ ನರ್ಸ್‌ಗೋ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಸ್ಟ್ರಿಪ್ಪಿನ ಫೋಟೋ ತೆಗೆದು ಕಳುಹಿಸಿದರೆ ಇನ್ನೂ ಒಳ್ಳೆಯದು.

"ಡೆಕ್ಸಾ ಇಲ್ಲ, ಪ್ರೆಡ್ನಿಸೊಲೋನ್ ಕೊಡುತ್ತೇನೆ, ಎರಡೂ ಒಂದೇ" ಎಂಬ ಮಾತಿಗೆ ಮರುಳಾಗಬೇಡಿ. ಎರಡೂ ಸ್ಟೀರಾಯ್ಡೇ, ಆದರೆ ಬಲ ಬೇರೆ. ಡೆಕ್ಸಾಮೆಥಾಸೋನ್ 0.75 ಮಿ.ಗ್ರಾಂ ಮಾಡುವ ಕೆಲಸಕ್ಕೆ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಬೇಕು, ಮೀಥೈಲ್ ಪ್ರೆಡ್ನಿಸೊಲೋನ್ ಆದರೆ 4. ಸೇರಿಗೂ ಪಾವಿಗೂ ಇರುವಂಥ ವ್ಯತ್ಯಾಸ ಅದು. ಅಂಗಡಿಯವರ ಬಾಯಿಮಾತಿನಲ್ಲಿ ಬದಲಾಗುವುದಲ್ಲ.

ಹೊತ್ತು: ಬೆಳಿಗ್ಗೆ, ತಿಂಡಿಯ ಜೊತೆ, ಒಂದೇ ಸಲ. ಡೆಕ್ಸಾಮೆಥಾಸೋನಿನ ಪ್ರಭಾವ ಒಂದೂವರೆ ದಿನಕ್ಕೂ ಮೀರಿ ಇರುವುದರಿಂದ ದಿನಕ್ಕೆ ಮೂರು ಸಲ ಹಂಚುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪ್ರಮಾಣ ದೊಡ್ಡದಾಗಿ ಎರಡು ಪಾಲು ಮಾಡಿದ್ದರೆ ಎರಡನೆಯದನ್ನು ಮಧ್ಯಾಹ್ನದ ಊಟದ ಜೊತೆ, ಎರಡು ಗಂಟೆಯ ಒಳಗೆ ಮುಗಿಸಿ. ರಾತ್ರಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ. ಒಂದು ಮನೆಯಲ್ಲಿ ಮಗ ಕೆಲಸದಿಂದ ಬಂದ ಮೇಲೆ, ರಾತ್ರಿ ಒಂಬತ್ತಕ್ಕೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಕೊಡುತ್ತಿದ್ದ. ಅಜ್ಜಿ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಾ ಕುಳಿತಿರುತ್ತಿದ್ದರು, ಮೂರು ಸೇರು ಅಕ್ಕಿ, ಒಂದು ಕಲ್ಲೂ ಬಿಡದೆ. ಕೊಡುವ ಹೊತ್ತನ್ನು ಬೆಳಗಿನ ಇಡ್ಲಿಯ ಜೊತೆಗೆ ಬದಲಿಸಿದ ಮೇಲೆ ಅಜ್ಜಿಯೂ ಮಲಗಿದರು, ಮನೆಯವರೂ ಮಲಗಿದರು.

ಇಂಜೆಕ್ಷನ್ ಕೊಡಿಸುವುದಾದರೆ ಒಂದು ಮಾತು ತಿಳಿದಿರಲಿ. ಡೆಕ್ಸಾಮೆಥಾಸೋನನ್ನು ರಕ್ತನಾಳಕ್ಕೆ ಸರ್ರನೆ ಹಾಕಿದರೆ ಜನನಾಂಗ, ಗುದದ್ವಾರದ ಸುತ್ತ ಸಹಿಸಲಾಗದ ಉರಿ, ಚುಚ್ಚಿದಂತಹ ಅನುಭವ ಆಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ, ಅಪಾಯವಿಲ್ಲ. ಆದರೆ ಹೆಂಗಸರು ನಾಚಿಕೆಯಿಂದ ಯಾರಿಗೂ ಹೇಳದೆ ಹೆದರಿ ಅಳುವುದನ್ನು ನೋಡಿದ್ದೇನೆ. ನಿಧಾನವಾಗಿ ಕೊಡಿ ಎಂದು ನರ್ಸ್‌ಗೆ ಮೊದಲೇ ಹೇಳಿ.

ಹೆಜ್ಜೆ 5: ದಿನವೂ ನೋಡಬೇಕಾದದ್ದು

ಬಾಯಿ. ಬೆಳಿಗ್ಗೆ ಮೊಬೈಲ್ ಟಾರ್ಚ್ ಹಿಡಿದು ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳ ನೋಡಿ. ಗಟ್ಟಿ ಮೊಸರು ಮೆತ್ತಿದಂತೆ ಬಿಳಿ ಚುಕ್ಕೆಗಳಿದ್ದು ಒರೆಸಿದರೆ ಕೆಳಗೆ ಕೆಂಪಗೆ ಕಂಡರೆ ಅದು ಶಿಲೀಂಧ್ರದ ಸೋಂಕು. ಕ್ಲೋಟ್ರಿಮಜೋಲ್ ಹಚ್ಚುವ ದ್ರಾವಣದಿಂದ ಸಾಮಾನ್ಯವಾಗಿ ಹೋಗುತ್ತದೆ. ನುಂಗುವಾಗ ಎದೆಯಲ್ಲಿ ಉರಿ, ನೋವು ಇದ್ದರೆ ಅನ್ನನಾಳಕ್ಕೂ ಇಳಿದಿದೆ ಎಂದು ಅರ್ಥ, ಅದಕ್ಕೆ ನುಂಗುವ ಮಾತ್ರೆ ಬೇಕು. "ಊಟ ಬಿಟ್ಟಿದ್ದಾರೆ, ಕಾಯಿಲೆ ಜಾಸ್ತಿಯಾಯಿತು" ಎಂದು ಮನೆಯವರು ಕಂಗಾಲಾಗಿ ಕರೆದಾಗ, ಬಾಯಿ ತೆರೆಸಿ ನೋಡಿದರೆ ಕಾರಣ ನಾಲಿಗೆಯ ಮೇಲೆಯೇ ಕುಳಿತಿರುತ್ತದೆ. ಕಟ್ಟಿಸಿದ ಹಲ್ಲು ಇದ್ದರೆ ರಾತ್ರಿ ತೆಗೆದು ತೊಳೆದಿಡಿ.

ಸಕ್ಕರೆ. ಇಲ್ಲಿ ಬಹಳ ಜನ ಎಡವುತ್ತಾರೆ. ಬೆಳಿಗ್ಗೆ ಮಾತ್ರೆ ಕೊಟ್ಟಾಗ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಯ ಹೊತ್ತಿಗೆ. ಬೆಳಗಿನ ಖಾಲಿ ಹೊಟ್ಟೆಯ ರಕ್ತ ನೋಡಿ "ನಾರ್ಮಲ್ ಇದೆ" ಎಂದು ನಿಶ್ಚಿಂತರಾಗಬೇಡಿ. ಗ್ಲೂಕೋಮೀಟರ್ ಇದ್ದರೆ ರಾತ್ರಿಯೂಟಕ್ಕೆ ಮುಂಚೆ ಪರೀಕ್ಷಿಸಿ. 250 ದಾಟಿ ಎರಡು ದಿನ ಹಾಗೇ ಇದ್ದರೆ, ಅಥವಾ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ ಆಗುತ್ತಿದ್ದರೆ ಫೋನ್ ಮಾಡಿ ಎಂದು ನಾವು ಹೇಳುತ್ತೇವೆ. ಹಾಗೆಂದು ಈ ಹಂತದಲ್ಲಿ ಕಟ್ಟುನಿಟ್ಟಿನ ಪಥ್ಯ ಮಾಡಿಸಿ ಬಾಯಿ ಕಟ್ಟಬೇಡಿ. ವಾರಗಟ್ಟಲೆ ಏನೂ ತಿನ್ನದವರು ಒಂದು ಹೋಳಿಗೆ ಕೇಳಿದರೆ ಕೊಡಿ. ಒಂದು ಎಚ್ಚರ ಮಾತ್ರ: ಸ್ಟೀರಾಯ್ಡ್ ಇಳಿಸುವಾಗ ಸಕ್ಕರೆಯ ಮಾತ್ರೆ, ಇನ್ಸುಲಿನ್ ಕೂಡ ಇಳಿಯಬೇಕು. ಮರೆತರೆ ಸಕ್ಕರೆ ಕುಸಿದು ಬೆವರಿ, ಎಚ್ಚರ ತಪ್ಪುವ ಅಪಾಯವಿದೆ.

ತೊಡೆ. ಇದನ್ನು ಯಾರೂ ಗಮನಿಸುವುದಿಲ್ಲ. ಕೆಲವು ವಾರಗಳಾದ ಮೇಲೆ ಸ್ಟೀರಾಯ್ಡ್ ತೊಡೆ ಮತ್ತು ಭುಜದ ಸ್ನಾಯುಗಳನ್ನು ಸವೆಸುತ್ತದೆ. ನಮ್ಮಲ್ಲಿ ಇದು ಮೊದಲು ತಿಳಿಯುವುದು ಕುಕ್ಕುರುಗಾಲಿನ ಪಾಯಿಖಾನೆಯಲ್ಲಿ, ಇಲ್ಲವೇ ನೆಲದ ಮೇಲೆ ಊಟಕ್ಕೆ ಕುಳಿತು ಏಳುವಾಗ. ಹಿಡಿತಕ್ಕೆ ಗೋಡೆ ಹುಡುಕುತ್ತಾರೆ, ಮೆಟ್ಟಿಲು ಹತ್ತುವಾಗ ಕಂಬಿಗೆ ಜೋತುಬೀಳುತ್ತಾರೆ. ಕೈಯ ಹಿಡಿತ ಮಾತ್ರ ಚೆನ್ನಾಗಿಯೇ ಇರುತ್ತದೆ. ವಾರಕ್ಕೊಮ್ಮೆ ಕುರ್ಚಿಯಿಂದ ಕೈ ಊರದೆ ಏಳಲು ಹೇಳಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೋದ ವಾರ ಎದ್ದವರು ಈ ವಾರ ಏಳಲಾಗದಿದ್ದರೆ ಅದು "ಕಾಯಿಲೆಯ ನಿತ್ರಾಣ" ಎಂದು ಬಿಟ್ಟುಬಿಡದೆ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಿದರೆ, ಅಥವಾ ಡೆಕ್ಸಾಮೆಥಾಸೋನ್ ಬದಲು ಪ್ರೆಡ್ನಿಸೊಲೋನ್ ಕೊಟ್ಟರೆ, ಕೆಲವರಿಗೆ ನಿಧಾನವಾಗಿ ಬಲ ಬರುತ್ತದೆ. ಅಷ್ಟರವರೆಗೆ ಮಧ್ಯೆ ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿಯನ್ನು ಪಾಯಿಖಾನೆಯ ಮೇಲಿಟ್ಟರೆ ಬೀಳುವುದು ತಪ್ಪುತ್ತದೆ. ಹಾಗೆ ಬಿದ್ದು ಸೊಂಟ ಮುರಿದುಕೊಂಡವರ ಕಡೆಯ ದಿನಗಳು ಬಹಳ ಕಷ್ಟದವು.

ಮನಸ್ಸು. ಸುಮ್ಮಸುಮ್ಮನೆ ಸಿಟ್ಟು, ತಡೆಯಿಲ್ಲದ ಮಾತು, ಅತಿಯಾದ ಉತ್ಸಾಹ, ಇಲ್ಲದವರು ಕಾಣುವುದು, ಮನೆಯವರ ಮೇಲೆಯೇ ಅನುಮಾನ, ಇವೆಲ್ಲ ಸ್ಟೀರಾಯ್ಡ್‌ನಿಂದಲೂ ಬರುತ್ತವೆ. "ಗಾಳಿ ಸೋಕಿದೆ" ಎಂದು ತಾಯತ ಕಟ್ಟಿಸಿದ ಮನೆಯೊಂದರಲ್ಲಿ ಗಾಳಿಯ ಹೆಸರು ಡೆಕ್ಸಾಮೆಥಾಸೋನ್ ಆಗಿತ್ತು, ದಿನಕ್ಕೆ 16 ಮಿ.ಗ್ರಾಂ. ತಾಯತ ಇರಲಿ, ನಾನು ಬಿಚ್ಚಿಸಲಿಲ್ಲ. ಡಾಕ್ಟರು ಪ್ರಮಾಣ ಇಳಿಸಿದರು, ವಾರದೊಳಗೆ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದರು.

ಸೋಂಕು. ಸ್ಟೀರಾಯ್ಡ್ ಜ್ವರವನ್ನು ಅಡಗಿಸಬಲ್ಲದು. ಮೈ ಬಿಸಿ ಇಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲ ಎನ್ನುವಂತಿಲ್ಲ. ಇದ್ದಕ್ಕಿದ್ದಂತೆ ಮಂಕಾದರೆ, ನಡುಕ ಬಂದರೆ, ಹೊಟ್ಟೆ ಗಟ್ಟಿಯಾಗಿ ನೋವಾದರೆ ತಡಮಾಡಬೇಡಿ. ಮನೆಯಲ್ಲಿ ಮಗುವಿಗೆ "ಅಮ್ಮ" ಆಗಿದ್ದರೆ, ಅಂದರೆ ಚಿಕನ್‌ಪಾಕ್ಸ್ ಬಂದಿದ್ದರೆ, ರೋಗಿಯಿಂದ ದೂರವಿಟ್ಟು ವೈದ್ಯರಿಗೆ ತಿಳಿಸಿ. ಮಲ ಡಾಂಬರಿನಂತೆ ಕಪ್ಪಗಿದ್ದರೆ, ವಾಂತಿಯಲ್ಲಿ ಕಾಫಿ ಗಸಿಯಂಥದ್ದು ಕಂಡರೆ ಅಂದೇ ಕರೆ ಮಾಡಿ. ಮುಖ ದುಂಡಗಾಗುವುದು, ಕಾಲು ಊದುವುದು, ಚರ್ಮ ತೆಳುವಾಗಿ ಮುಟ್ಟಿದರೆ ಕಲೆ ಬೀಳುವುದು ಇವೂ ಇವೆ. ದುಂಡು ಮುಖ ನೋಡಿ ನೆಂಟರು "ಮೈ ಹಿಡಿದಿದ್ದಾರೆ, ಪರವಾಗಿಲ್ಲ" ಎನ್ನುತ್ತಾರೆ. ರೋಗಿಗೆ ಕನ್ನಡಿ ನೋಡಿ ಬೇಸರವಾಗಿರುತ್ತದೆ.

ಹೆಜ್ಜೆ 6: ಹಸಿವು ಬಂದ ದಿನಗಳನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ನನಗೆ ಅತ್ಯಂತ ಕಷ್ಟವೆನಿಸುವ ಭಾಗ ಇದು. ಮಾತ್ರೆ ಶುರುವಾದ ಮೂರು ನಾಲ್ಕು ದಿನಕ್ಕೆ, ಗಂಜಿಯನ್ನೂ ದೂಡುತ್ತಿದ್ದವರು ಮುದ್ದೆ, ಬಸ್ಸಾರು ಕೇಳುತ್ತಾರೆ. ಎದ್ದು ಕುಳಿತು ಪೇಪರ್ ಓದುತ್ತಾರೆ, ಹೊಲದ ವಿಚಾರ ತೆಗೆಯುತ್ತಾರೆ. ಮನೆಯಲ್ಲಿ ಹಬ್ಬ. ಆ ಸಂತೋಷದಲ್ಲಿ "ಕ್ಯಾನ್ಸರ್ ಇಳಿಯುತ್ತಿದೆ" ಎಂಬ ತೀರ್ಮಾನಕ್ಕೆ ಮನೆ ಬಂದುಬಿಡುತ್ತದೆ. ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಮತ್ತೊಂದು ಸುತ್ತು ಕೀಮೋ ಹಾಕಿಸೋಣ ಎಂದು ಹೊಲದ ಪತ್ರವನ್ನು ಅಡವಿಡಲು ಹೊರಟ ಮಗನೊಬ್ಬನನ್ನು ನಾನು ಬಲ್ಲೆ.

ಹಸಿವು ಹೆಚ್ಚಿಸುವ ಈ ಗುಣ ಸಾಮಾನ್ಯವಾಗಿ ಕೆಲವೇ ವಾರಗಳದ್ದು. ಮೂರು ನಾಲ್ಕು ವಾರಗಳಲ್ಲಿ ಅದು ಮಾಸುತ್ತಾ ಬರುತ್ತದೆ. ತಿಂದದ್ದು ಮಾಂಸಖಂಡವಾಗಿಯೂ ಕೂಡುವುದಿಲ್ಲ. ಆದ್ದರಿಂದ ಶುರುಮಾಡುವ ದಿನವೇ ವೈದ್ಯರೋ ನರ್ಸೋ ಇದನ್ನು ಬಿಡಿಸಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ರೋಗಿಯ ಎದುರೂ ಮುಚ್ಚುಮರೆ ಬೇಡ ಎನ್ನುವುದು ನನ್ನ ಅಭಿಪ್ರಾಯ. "ಈ ಮಾತ್ರೆಯಿಂದ ಕೆಲವು ದಿನ ಊಟ ಸೇರುತ್ತದೆ, ಓಡಾಡಲು ಆಗುತ್ತದೆ" ಎಂದು ಇದ್ದುದನ್ನು ಇದ್ದಂತೆ ಹೇಳಿದಾಗ ಜನ ಆ ದಿನಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಮಗಳ ಮದುವೆ, ಮೊಮ್ಮಗನ ನಾಮಕರಣ, ಮನೆದೇವರ ಜಾತ್ರೆ ಇಂಥ ದಿನ ಹತ್ತಿರವಿದ್ದರೆ ಮೊದಲೇ ತಂಡಕ್ಕೆ ತಿಳಿಸಿ. ಅದನ್ನು ನೋಡಿಕೊಂಡು ಯಾವಾಗ ಶುರುಮಾಡಬೇಕು ಎಂದು ಯೋಚಿಸಬಹುದು. ಮೊದಲೇ ಕೊಟ್ಟು ಮುಗಿಸಿದರೆ ಬೇಕಾದ ದಿನಕ್ಕೆ ಆ ಬಲ ಇರುವುದಿಲ್ಲ.

ಹೆಜ್ಜೆ 7: ಇಳಿಸುವುದು

ಮೂರು ವಾರಕ್ಕಿಂತ ಕಡಿಮೆ ಅವಧಿಗೆ, ಸಣ್ಣ ಪ್ರಮಾಣದಲ್ಲಿ ಕೊಟ್ಟಿದ್ದರೆ ಸಾಮಾನ್ಯವಾಗಿ ಒಮ್ಮೆಗೇ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಾಗಿದ್ದರೆ ಹಾಗೆ ಮಾಡಬಾರದು. ಹೊರಗಿನಿಂದ ಬರುತ್ತಿದೆಯಲ್ಲ ಎಂದು ಅಡ್ರಿನಲ್ ಗ್ರಂಥಿಗಳು ಅಷ್ಟರಲ್ಲಿ ಕೆಲಸ ನಿಲ್ಲಿಸಿರುತ್ತವೆ. ಮಾತ್ರೆ ಥಟ್ಟನೆ ನಿಂತರೆ ತಲೆಸುತ್ತು, ವಾಂತಿ, ಹೊಟ್ಟೆನೋವು, ರಕ್ತದೊತ್ತಡ ಕುಸಿತ, ಮಂಪರು ಬರುತ್ತವೆ, ಜೀವಕ್ಕೂ ಅಪಾಯ. ಇದನ್ನು ಕ್ಯಾನ್ಸರಿನ ಕಡೆಯ ಹಂತ ಎಂದೇ ಭಾವಿಸಿ ಕೈಚೆಲ್ಲಿದ ಪ್ರಸಂಗಗಳಿವೆ. ಮಾತ್ರೆ ಮುಗಿದಿತ್ತು, ಅಂಗಡಿ ದೂರವಿತ್ತು, ಅಷ್ಟೇ ಕಾರಣ. ಕಡೆಯ ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತಂದಿಡಿ.

ಇಳಿಸುವ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ಉದಾಹರಣೆಗೆ 8 ಮಿ.ಗ್ರಾಂ ಇದ್ದವರಿಗೆ ಐದಾರು ದಿನಕ್ಕೆ 2 ಮಿ.ಗ್ರಾಂನಂತೆ ಇಳಿಸುತ್ತಾ 2ಕ್ಕೆ ಬಂದ ಮೇಲೆ ವಾರಕ್ಕೆ ಅರ್ಧ ಮಿ.ಗ್ರಾಂನಂತೆ ಇಳಿಸಬಹುದು. ಪ್ರತಿ ಇಳಿಕೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ, ಆ ದಿನ ಎಷ್ಟು ಮಾತ್ರೆ ಎಂದೂ ಅಲ್ಲೇ ಬರೆಯಿರಿ. ಪಂಚಾಂಗ ಕ್ಯಾಲೆಂಡರಿನ ಚೌಕಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಇಳಿಸಿದಾಗ ಹಳೆಯ ತಲೆನೋವೋ ವಾಂತಿಯೋ ಮರುಕಳಿಸಿದರೆ ಹಿಂದಿನ ಮೆಟ್ಟಿಲಿಗೆ ಮರಳುವ ವಿಚಾರವನ್ನು ವೈದ್ಯರೊಡನೆ ಮಾತನಾಡಿ.

ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರಿಗೆ ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕಾಗುತ್ತದೆ, ಜ್ವರ ಬಂದರೆ ಪ್ರಮಾಣ ಏರಿಸಬೇಕಾಗಬಹುದು. ಯಾವ ಆಸ್ಪತ್ರೆಗೆ ಹೋದರೂ ಮೊದಲು ಹೇಳಬೇಕಾದ ಮಾತು "ಇವರು ಸ್ಟೀರಾಯ್ಡ್ ಮೇಲಿದ್ದಾರೆ". ಒಂದು ರಟ್ಟಿನ ಚೂರಿನ ಮೇಲೆ ಔಷಧದ ಹೆಸರು, ಪ್ರಮಾಣ, ಎಂದಿನಿಂದ ಎಂದು ಬರೆದು ಆಧಾರ್ ಕಾರ್ಡಿನ ಜೊತೆ ಇಡಿ; ತುರ್ತಿನಲ್ಲಿ ಎಲ್ಲರೂ ಹುಡುಕುವುದು ಅದನ್ನೇ.

ಹೆಜ್ಜೆ 8: ನುಂಗಲು ಆಗದಿದ್ದಾಗ

ಕಡೆಯ ದಿನಗಳಲ್ಲಿ ಮಾತ್ರೆ ಗಂಟಲಿಗೆ ಇಳಿಯುವುದಿಲ್ಲ. ಹಸಿವಿಗೋ ಸುಸ್ತಿಗೋ ಕೊಡುತ್ತಿದ್ದರೆ ಆ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ, ವೈದ್ಯರು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಪುಡಿಮಾಡಿ ಬಾಯಿಗೆ ಸುರಿಯಬೇಡಿ, ನೆತ್ತಿಗೆ ಹತ್ತುತ್ತದೆ. ಮೆದುಳಿನ ಊತಕ್ಕೆ ಕೊಡುತ್ತಿದ್ದರೆ ಮಾತು ಬೇರೆ: ನಿಲ್ಲಿಸಿದರೆ ತಲೆನೋವು, ಫಿಟ್ಸ್ ಮರಳಬಹುದು. ಅಂಥವರಿಗೆ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ದಿನಕ್ಕೊಮ್ಮೆ ಕೊಡಲು ಬರುತ್ತದೆ, ರಕ್ತನಾಳ ಹುಡುಕಿ ಚುಚ್ಚುವ ಹಿಂಸೆ ಬೇಡ. ಅಥವಾ ಸ್ಟೀರಾಯ್ಡ್ ನಿಲ್ಲಿಸಿ, ನೋವು ಮತ್ತು ಫಿಟ್ಸ್‌ಗೆ ಬೇರೆ ಔಷಧಗಳನ್ನು ಸಿದ್ಧವಾಗಿಟ್ಟುಕೊಳ್ಳುವ ದಾರಿಯೂ ಇದೆ. ಯಾವುದು ಎಂಬ ಮಾತುಕತೆ ನುಂಗುವುದು ನಿಲ್ಲುವ ಮುಂಚೆಯೇ ಆಗಿರಲಿ. ರೋಗಿಗೆ ಅರಿವಿರುವಾಗ ಅವರನ್ನೂ ಕೇಳಿ.

ಎಲ್ಲ ಮುಗಿದ ಮೇಲೆ, ಹದಿಮೂರನೆಯ ದಿನವೂ ಕಳೆದ ಮೇಲೆ ನಾವು ಒಮ್ಮೆ ಆ ಮನೆಗೆ ಹೋಗಿ ಬರುತ್ತೇವೆ. ಕಪಾಟಿನಲ್ಲಿ ಮಾರ್ಫಿನ್, ಸ್ಟೀರಾಯ್ಡ್ ಸ್ಟ್ರಿಪ್‌ಗಳು ಉಳಿದಿರುತ್ತವೆ. ಪಕ್ಕದ ಮನೆಯವರಿಗೆ ಮಂಡಿನೋವು, ಯಾರದೋ ಮಗಳು ತೆಳ್ಳಗಿದ್ದಾಳೆ, "ಇದನ್ನು ತಿಂದರೆ ಹಸಿವಾಗುತ್ತದಂತೆ" ಎಂದು ಕೇಳಲು ಬರುವವರಿದ್ದಾರೆ. ಕೊಡಬೇಡಿ. ಎಣಿಸಿ, ಒಂದು ಕವರಿಗೆ ಹಾಕಿ, ನಮ್ಮಂಥ ತಂಡ ಬಂದಾಗ ಕೈಗೆ ಕೊಡಿ. ಬರುವವರಿಲ್ಲದಿದ್ದರೆ ಔಷಧ ಕೊಟ್ಟ ಆಸ್ಪತ್ರೆಗೇ ಮರಳಿಸಿ.